ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ಬ್ರೋಚು

ಪ್ರಶ್ನೆ: ನಾನು ನೀರ್ಚಾಲಿನವಳು. ನನ್ನ ಅಜ್ಜಿ ಕುಂಬಳೆ ಕಡೆಯ ಶಾಲೆಯೊಂದರಲ್ಲಿ ಟೀಚರಾಗಿದ್ದರು. ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ಬ್ರೋಚು ಸಿಕ್ಕಿದವು. ಒಂದು, ರಾಜನ ತಲೆಯಿರುವ ಬೆಳ್ಳಿ ರೂಪಾಯಿಗೆ ಸೂಜಿ ಕೂರಿಸಿದ್ದು. ಇನ್ನೊಂದು ಎಲೆಯಾಕಾರದ್ದು, ಬಿಳಿ ಕಲ್ಲಿನದು. ಕೆಲವು ಕಲ್ಲು ಕಪ್ಪಾಗಿವೆ, ಅಂಚಿಗೆ ಹಸಿರು ಹಿಡಿದಿದೆ. ಮೂರನೆಯದು ಹೆಂಗಸಿನ ಮುಖ ಕೆತ್ತಿದ ಮೊಟ್ಟೆಯಾಕಾರದ್ದು, ಸೂಜಿ ಮುರಿದಿದೆ. ಇವು ಎಷ್ಟು ಹಳೆಯವು? ಹುಣಸೆಹುಳಿ ಹಾಕಿ ತಿಕ್ಕಬಹುದೇ? ಡಿಸೆಂಬರಿನಲ್ಲಿ ತಂಗಿಯ ಮಗಳ ಮದುವೆ. ರೇಷ್ಮೆ ಸೀರೆಗೆ ಹಾಕಿಕೊಂಡರೆ ಸೀರೆ ಹರಿದೀತೇ? ಇನ್ನಷ್ಟು ಕೂಡಿಸುವ ಆಸೆಯೂ ಹುಟ್ಟಿದೆ.

ಉತ್ತರ: ಹುಣಸೆಹುಳಿಯ ಭರಣಿಯನ್ನು ಮೊದಲು ಒಳಗಿಡಿ ಅಕ್ಕ. ಅದು ದೇವರ ಕೋಣೆಯ ಕಾಲುದೀಪಕ್ಕೆ ಸರಿ, ಈ ಮೂರರಲ್ಲಿ ಒಂದಕ್ಕೂ ಸಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ನೀವು ಕಳುಹಿಸಿದ ಮೂರು ಫೋಟೊಗಳೂ ಮುಂಬದಿಯವು. ನನಗೆ ಬರುವ ಫೋಟೊಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ. ಹೊಳೆಯುವ ಬದಿಯನ್ನೇ ತೋರಿಸುವುದು ಸಹಜ, ಬಿಡಿ. ಆದರೆ ಬ್ರೋಚಿನ ಮುಖವನ್ನು ನಂಬಿ ಕೆಟ್ಟವರು ಬಹಳ ಜನ. ನೂರು ವರ್ಷ ಹಿಂದಿನ ಹೂಬಳ್ಳಿಯ ಅಚ್ಚನ್ನು ನಿನ್ನೆಯೂ ಒತ್ತಬಹುದು. ಸೂಜಿ, ಕೀಲು, ಕೊಕ್ಕೆ, ಬೆಸುಗೆ, ಮುದ್ರೆ ಎಲ್ಲ ಇರುವುದು ಬೆನ್ನಿನಲ್ಲಿ. ವಯಸ್ಸು ಹೇಳುವುದು ಅದು. ನಿಮ್ಮ ರೇಷ್ಮೆ ಸೀರೆ ಉಳಿಯುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದೂ ಅದೇ. ಹಾಗಾಗಿ ಮೂರನ್ನೂ ಒಂದು ಬೈರಾಸಿನ ಮೇಲೆ ಮಗುಚಿ ಹಾಕಿ, ಕಿಟಕಿಯ ಬೆಳಕಿನಲ್ಲಿ ಕುಳಿತು, ಭೂತಗನ್ನಡಿ ಹಿಡಿದು ಓದುತ್ತಾ ಹೋಗಿ.

ಮೊದಲು ಕೊಕ್ಕೆ. ತೀರಾ ಹಳೆಯ ಬ್ರೋಚುಗಳಲ್ಲಿ ಇರುವುದು ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಒಂದು ಲೋಹದ ತುಂಡು ಮಾತ್ರ. ಸೂಜಿಯನ್ನು ಅದರ ಅಡಿಗೆ ಸಿಕ್ಕಿಸಿದರೆ ಮುಗಿಯಿತು, ಬೀಗವಿಲ್ಲ, ಚಿಲಕವಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಬ್ರೋಚುಗಳಲ್ಲಿ ಸೂಜಿಯ ಮೊನೆ ಎಷ್ಟೋ ಸಲ ಬ್ರೋಚಿನ ಅಂಚು ದಾಟಿ ಹೊರಗೆ ಚಾಚಿರುತ್ತದೆ. ಆ ಉಳಿದ ಮೊನೆಯನ್ನು ಮತ್ತೆ ಬಟ್ಟೆಯೊಳಗೆ ತೂರಿಸಿದರೆ ಜಾರುವುದಿಲ್ಲ ಎಂಬ ಲೆಕ್ಕ. 19ನೇ ಶತಮಾನದ ನಡುವಿನಿಂದ ಯುರೋಪಿನಲ್ಲಿ ಇನ್ನೊಂದು ಬಗೆ ಬಂತು: ಪುಟ್ಟ ಕೊಳವೆಯೊಳಗೆ ಇನ್ನೊಂದು ಕೊಳವೆ. ಒಳಗಿನದನ್ನು ಹೊರಗೆಳೆದರೆ ಸೂಜಿ ಬಿಡುತ್ತದೆ, ತಳ್ಳಿದರೆ ಕಚ್ಚಿಕೊಳ್ಳುತ್ತದೆ. ಟ್ರೊಂಬೋನ್ ವಾದ್ಯ ನುಡಿಸುವವರು ಕೊಳವೆ ಎಳೆಯುವ ಹಾಗಿರುವುದರಿಂದ ಅದಕ್ಕೆ ಟ್ರೊಂಬೋನ್ ಕೊಕ್ಕೆ ಎಂದೇ ಹೆಸರು. ಈಗ ನಾವೆಲ್ಲ ನೋಡುವ, ಸಣ್ಣ ಚಕ್ರದಂತೆ ಉರುಳಿ ಮುಚ್ಚುವ ಕೊಕ್ಕೆ 20ನೇ ಶತಮಾನದ ಆರಂಭದ್ದು. ಅದು ಎಲ್ಲ ಕಡೆ ಹಬ್ಬಿದ್ದು 1910ರ ನಂತರ. ಉರುಳುವ ಕೊಕ್ಕೆ ಇದ್ದೂ 'ವಿಕ್ಟೋರಿಯಾ ಕಾಲದ್ದು' ಎಂದು ಯಾರಾದರೂ ಮಾರಲು ಬಂದರೆ, ಒಂದೋ ಕೊಕ್ಕೆ ಬದಲಾಯಿಸಿದ್ದಾರೆ, ಇಲ್ಲ ಅವರಿಗೆ ಗೊತ್ತಿಲ್ಲ. ಮೂರನೆಯ ಸಾಧ್ಯತೆ ಹೇಳುವುದು ಬೇಡ. ಕೊಕ್ಕೆ ಬದಲಾಯಿಸಿದ್ದರೆ ಹಳೆಯ ಬೆಸುಗೆಯ ಕಲೆ ಪಕ್ಕದಲ್ಲೇ ಉಳಿದಿರುತ್ತದೆ, ಕಿವಿಯ ತೂತು ಮುಚ್ಚಿದ ಜಾಗದ ಹಾಗೆ.

ಇದನ್ನು ತಿರುಗಿಸಿ ಹೇಳಲು ಬರುವುದಿಲ್ಲ, ಅದು ನೆನಪಿರಲಿ. ಬರೇ ಸಿ ಕೊಕ್ಕೆ ಇದೆ ಎಂದು ಹಳೆಯದೆನ್ನುವ ಹಾಗಿಲ್ಲ. ಜಾತ್ರೆಯಲ್ಲಿ ಮಾರುವ ಅಗ್ಗದ ಬ್ರೋಚಿನಲ್ಲಿ ಇಂದೂ ಅದೇ ಇದೆ. ಬ್ರೋಚಿನಲ್ಲಿರುವ ಅತಿ ಹೊಸ ಭಾಗ ಯಾವುದೋ, ರಿಪೇರಿ ಆಗಿಲ್ಲದಿದ್ದರೆ, ಬ್ರೋಚಿನ ವಯಸ್ಸೂ ಅದರದ್ದೇ.

ಬೆನ್ನಿನಲ್ಲಿ ಅಕ್ಷರಗಳಿದ್ದರೆ ಕೆಲಸ ಇನ್ನೂ ಸುಲಭ. ನಿಮ್ಮ ಅಜ್ಜಿಯ ಹಳೆಯ ಕಾಗದಪತ್ರಗಳಲ್ಲಿ 'ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ' ಎಂದು ಕಂಡರೆ ಅದು 1956ರ ನವೆಂಬರ್ 1ಕ್ಕೆ ಮೊದಲಿನದು ಎಂದು ನಮ್ಮ ಊರಿನ ಮಕ್ಕಳೂ ಹೇಳುತ್ತಾರೆ. 'ಕಾಸರಗೋಡು ಜಿಲ್ಲೆ' ಎಂದಿದ್ದರೆ 1984ರ ನಂತರದ್ದು. ಬ್ರೋಚಿಗೂ ಇದೇ ಯುಕ್ತಿ. 'ಚೆಕೊಸ್ಲೊವಾಕಿಯಾ' ಎಂದಿದ್ದರೆ 1918ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ, ಅದಕ್ಕೆ ಮೊದಲು ಆ ದೇಶವೇ ಇರಲಿಲ್ಲ. 'ಆಕ್ಯುಪೈಡ್ ಜಪಾನ್' ಎಂದಿದ್ದರೆ ಯುದ್ಧ ಸೋತ ಜಪಾನಿನಲ್ಲಿ ಅಮೆರಿಕದ ಪಡೆ ಕುಳಿತಿದ್ದ ಕಾಲದ್ದು, ಎಂದರೆ 1952ರ ಒಳಗಿನದು. 'ವೆಸ್ಟ್ ಜರ್ಮನಿ' ಎಂದಿದ್ದರೆ 1949 ಮತ್ತು 1990ರ ನಡುವಿನದು. ನಮ್ಮ ಕಡೆ ಚೆಕ್ ಮಾಲು ಸಿಕ್ಕಿದರೆ ಆಶ್ಚರ್ಯಪಡಬೇಡಿ. ಅಲ್ಲಿಯ ಯಾಬ್ಲೊನೆಟ್ಸ್ ಎಂಬ ಊರಿನ ಗಾಜಿನ ಮಣಿ, ಬಳೆ ಹಡಗು ಹತ್ತಿ ಭಾರತಕ್ಕೆ ಬರುತ್ತಿದ್ದ ಕಾಲ ಒಂದಿತ್ತು. ಬೆಳ್ಳಿಯಾದರೆ ಇಂಗ್ಲೆಂಡಿನ ಮುದ್ರೆ ಹುಡುಕಿ: ನಡೆಯುವ ಸಿಂಹವಿದ್ದರೆ ಸ್ಟರ್ಲಿಂಗ್ ಬೆಳ್ಳಿ (ಸಾವಿರಕ್ಕೆ 925 ಪಾಲು ಬೆಳ್ಳಿ), ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು. ಸಮುದ್ರದಿಂದ ಅಷ್ಟು ದೂರದ ಊರಿಗೆ ಲಂಗರು ಯಾಕೆ ಬಂತೋ, ಅದು ಬೇರೆ ಕತೆ.

ಇನ್ನು ನಿಮ್ಮ ರೂಪಾಯಿ. ಈ ಮೂರರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ. ಅದು ಹೊರದೇಶದ ಬ್ರೋಚಲ್ಲ, ಇಲ್ಲಿಯದೇ ಯಾವನೋ ಆಚಾರಿಯ ಕೈಕೆಲಸ. ಫೋಟೊದಲ್ಲಿ ರಾಜನಿಗೆ ಗಡ್ಡವಿದೆ, ತಲೆಯ ಮೇಲೆ ಕಿರೀಟವಿದೆ. ಹಾಗಾದರೆ ಐದನೆಯ ಜಾರ್ಜ್, 1911ರಿಂದ 1936ರ ಒಳಗಿನದು. ಗಡ್ಡವಿದ್ದು ಕಿರೀಟವಿಲ್ಲದ ತಲೆಯಾಗಿದ್ದರೆ ಏಳನೆಯ ಎಡ್ವರ್ಡ್ ಆಗುತ್ತಿತ್ತು. ಇಸವಿ ಎಲ್ಲಿದೆ ಗೊತ್ತೇ? ಹಿಂಬದಿಯಲ್ಲಿ, ಸೂಜಿಯ ಕೆಳಗೆ. ಆಚಾರಿ ತಲೆಯನ್ನು ಮುಂದೆ ಮಾಡಿ ಇಸವಿಯ ಬದಿಗೆ ಬೆಸುಗೆ ಹಾಕಿದ್ದಾನೆ. ಓರೆ ಬೆಳಕಿನಲ್ಲಿ ನೋಡಿದರೆ ಬೆಸುಗೆಯ ಆಚೀಚೆ ಅಂಕಿ ಕಾಣುತ್ತದೆ. ಆ ಇಸವಿ ನಾಣ್ಯದ್ದು, ಬ್ರೋಚಿನದ್ದಲ್ಲ. 1918ರ ನಾಣ್ಯಕ್ಕೆ 1945ರಲ್ಲಿ ಸೂಜಿ ಕೂರಿಸಿರಬಹುದು. ಆ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ. ಸಾವಿರಕ್ಕೆ 917 ಪಾಲು ಬೆಳ್ಳಿ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, 1947ರಲ್ಲಿ ನಿಕ್ಕಲ್ ಬಂತು. ಅಯಸ್ಕಾಂತ ಹಿಡಿದು ಪರೀಕ್ಷಿಸುವವರಿಗೆ ಒಂದು ಮಾತು: ಸೂಜಿ ಉಕ್ಕಿನದಾಗಿದ್ದರೆ ಅದು ಅಂಟಿಯೇ ಅಂಟುತ್ತದೆ. 'ಅಯ್ಯೋ, ಬೆಳ್ಳಿಯೇ ಅಲ್ಲ' ಎಂದು ಎದೆ ಒಡೆದುಕೊಳ್ಳಬೇಡಿ, ನಾಣ್ಯದ ಅಂಚಿಗೆ ಹಿಡಿದು ನೋಡಿ. ಮತ್ತೆ, ಸೂಜಿ ಕಿತ್ತು ನಾಣ್ಯ ಮಾರುವ ಯೋಚನೆ ಬೇಡ. ಬೆಸುಗೆ ಬಿದ್ದ ನಾಣ್ಯವನ್ನು ನಾಣ್ಯ ಸಂಗ್ರಹಿಸುವವರು ಕೇಳುವುದಿಲ್ಲ, ಸೂಜಿ ಹೋದ ಬ್ರೋಚನ್ನು ನಾವು ಕೇಳುವುದಿಲ್ಲ. ಅಂಗಡಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಅಷ್ಟೆ.

ಎಲೆ ಬ್ರೋಚಿಗೆ ಬರೋಣ. ಅದರ ಕಲ್ಲುಗಳು ಗಾಜಿನವು. ಗಾಜಿಗೆ ವಜ್ರದ ಹೊಳಪು ಬರಲೆಂದು ಪ್ರತಿ ಕಲ್ಲಿನ ಹಿಂದೆ ಕನ್ನಡಿಯ ಹಾಗೆ ತೆಳ್ಳಗೆ ಬೇಗಡೆ ಇರುತ್ತದೆ. ಕಲ್ಲು ಕಪ್ಪಾಗಿದೆ ಎಂದಿರಿ. ಕಪ್ಪಾದದ್ದು ಕಲ್ಲಲ್ಲ, ಆ ಬೇಗಡೆ. ಸಂದಿಯಿಂದ ತೇವ ಒಳಗೆ ಹೋಗಿ ಬೇಗಡೆ ಕೊಳೆಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಅಕ್ಕಿಯ ಡಬ್ಬಿಯೇ ಮುಗ್ಗಲು ಹಿಡಿಯುವ ನಮ್ಮ ಊರಿನಲ್ಲಿ, ಇಷ್ಟು ವರ್ಷ ಅಟ್ಟದಲ್ಲಿ ಇದ್ದ ಬ್ರೋಚಿನ ಕೆಲವೇ ಕಲ್ಲು ಸತ್ತಿವೆ ಎಂದರೆ ಆ ಬಿಸ್ಕತ್ತಿನ ಡಬ್ಬಿಗೆ ಕೈ ಮುಗಿಯಬೇಕು. ಸತ್ತ ಕಲ್ಲನ್ನು ಬದುಕಿಸಲು ಆಗುವುದಿಲ್ಲ. ಅದೇ ಅಳತೆಯ ಬೇರೆ ಕಲ್ಲು ಕೂರಿಸಬಹುದು, ಇಲ್ಲವೇ ಹಾಗೆಯೇ ಬಿಡಬಹುದು. ನಾನಾದರೆ ಬಿಡುತ್ತೇನೆ. ಒಂದು ಕೆಲಸ ಮಾಡಿ, ಬ್ರೋಚನ್ನು ಕಿಟಕಿಯ ಬಳಿ ಹಿಡಿದು ಓರೆ ಮಾಡಿ. ಮಳೆಗಾಲದಲ್ಲಿ ರಸ್ತೆಯ ಹೊಂಡದ ನೀರಿನಲ್ಲಿ ಎಣ್ಣೆ ಬಿದ್ದರೆ ಏಳುವ ಬಣ್ಣ ಕಲ್ಲಿನಲ್ಲಿ ಕಂಡರೆ, ಬ್ರೋಚು 1950ರ ದಶಕದ ನಡುವಿಗಿಂತ ಹಿಂದಿನದಲ್ಲ. ಆ ಲೇಪವನ್ನು ಆಸ್ಟ್ರಿಯಾದ ಸ್ವರೋವ್‌ಸ್ಕಿ ಕಂಪೆನಿ ಪ್ಯಾರಿಸಿನ ಉಡುಪು ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಜೊತೆ ಸೇರಿ ತಂದದ್ದೇ ಆಗ. ಕಲ್ಲುಗಳನ್ನು ಹಿಡಿದದ್ದು ಪುಟ್ಟ ಲೋಹದ ಹಲ್ಲುಗಳೋ ಬರೇ ಅಂಟೋ ಎಂದೂ ನೋಡಿ. ಹಲ್ಲುಗಳಾದರೆ ಕೂರಿಸಿದವನು ಕೆಲಸ ಬಲ್ಲವನು.

ಅಂಚಿನ ಹಸಿರು ಬೇರೇನೂ ಅಲ್ಲ, ನಮ್ಮ ಹಳೆಯ ಕಿಲುಬು. ತಾಮ್ರದ ಕೊಡಪಾನಕ್ಕೆ ಹಿಡಿಯುವುದೂ ಇದೇ. ಹಿತ್ತಾಳೆಯ ಮೇಲೆ ಚಿನ್ನದ ಅಥವಾ ಬೆಳ್ಳಿಯ ನೀರು ಕೊಟ್ಟಿದ್ದು, ಅದು ಸವೆದ ಕಡೆ ಅಡಿಯ ಲೋಹ ತೇವಕ್ಕೆ ಸಿಕ್ಕಿದೆ. ಇಲ್ಲಿಯೇ ಹುಣಸೆಹುಳಿಯ ಅಪಾಯ. ಹುಳಿ ಕಿಲುಬನ್ನು ತಿನ್ನುತ್ತದೆ, ನಿಜ. ಆದರೆ ಅದರ ನೀರು ಕಲ್ಲಿನ ಹಿಂದಕ್ಕೆ ಇಳಿದರೆ ಉಳಿದ ಬೇಗಡೆಯೂ ಹೋಗುತ್ತದೆ, ತಿಕ್ಕಿದರೆ ಮೇಲಿನ ಗಿಲೀಟೂ ಹೋಗುತ್ತದೆ. ರೂಪಾಯಿಗೆ ಹಾಕಿದರೆ ನೂರು ವರ್ಷದ ಮಾಸಲು ಬಣ್ಣ ಅಳಿದು ಮೊನ್ನೆ ತಂದ ಚಮಚೆಯ ಹಾಗಾಗುತ್ತದೆ. ಮುಖ ಕೆತ್ತಿದ ಮೂರನೆಯದು ನಿಜವಾದ ಸಮುದ್ರದ ಚಿಪ್ಪಾಗಿದ್ದರಂತೂ ಕೇಳುವುದೇ ಬೇಡ. ಚಿಪ್ಪು ಎಂದರೆ ಸುಣ್ಣ, ಹುಳಿ ಬಿದ್ದಲ್ಲಿ ಕರಗುತ್ತದೆ. ಮೊಟ್ಟೆಯ ಸಿಪ್ಪೆಯನ್ನು ಹುಳಿನೀರಿಗೆ ಹಾಕಿದರೆ ನೊರೆ ಬರುವುದಿಲ್ಲವೇ, ಹಾಗೆ.

ಎಲೆಯ ಕಿಲುಬಿಗೆ ಹೀಗೆ ಮಾಡಿ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ, ಬೆರಳಿನಿಂದ ಹಿಂಡಿ, ಒದ್ದೆ ಎನ್ನುವುದಕ್ಕಿಂತ ತಣ್ಣಗಿದೆ ಎನ್ನುವಷ್ಟು ಮಾತ್ರ ಉಳಿಸಿ. ಹಸಿರಿನ ಮೇಲೆ ಮೆಲ್ಲಗೆ ಉರುಳಿಸಿ. ಕಡ್ಡಿ ಹಸಿರಾದ ಕೂಡಲೇ ಎಸೆದು ಇನ್ನೊಂದು ತೆಗೆದುಕೊಳ್ಳಿ. ಕಲ್ಲಿನ ಬುಡದಲ್ಲಿ ಕಡ್ಡಿ ಆಡಿಸಬೇಡಿ. ಅಲ್ಲಿ ಮರದ ಹಲ್ಲುಕಡ್ಡಿಯಿಂದ, ಒದ್ದೆ ಮಾಡದೆಯೇ ಕೆರೆಯಿರಿ. ಕೊನೆಗೆ ಬರೇ ನೀರಿನ ಕಡ್ಡಿ, ಆಮೇಲೆ ಒಣ ಬಟ್ಟೆ. ಬ್ರೋಚನ್ನು ಮಗುಚಿಟ್ಟು, ಕಲ್ಲು ಕೆಳಗೆ ಬೆನ್ನು ಮೇಲೆ ಮಾಡಿ, ಫ್ಯಾನಿನಡಿ ಒಂದು ರಾತ್ರಿ ಬಿಡಿ. ಆಟಿಯಲ್ಲಿ ಈ ಕೆಲಸ ಬೇಡ, ಮಳೆ ಹೋಗಲಿ.

ರೂಪಾಯಿಯನ್ನು ಮೆತ್ತಗಿನ ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ಸಾಕು.

ಮೂರನೆಯದನ್ನು ಬೆಳಕಿಗೆ ಎದುರು ಹಿಡಿಯಿರಿ. ಚಿಪ್ಪಾದರೆ ಬೆಳಕು ಒಳಗಿನಿಂದ ಕಿತ್ತಳೆಯಂತೆ ಹಾಯುತ್ತದೆ, ಹೆಂಗಸಿನ ಮುಖ ನೆರಳಾಗಿ ಕಾಣುತ್ತದೆ. ಹಿಂಬದಿ ಚಪ್ಪಟೆಯಿರುವುದಿಲ್ಲ, ಚಿಪ್ಪಿನ ಬೆನ್ನಲ್ಲವೇ, ಸ್ವಲ್ಪ ತಗ್ಗಾಗಿರುತ್ತದೆ. ಭೂತಗನ್ನಡಿಯಲ್ಲಿ ಕೂದಲಿನ ಎಳೆಗಳ ಬಳಿ ಉಳಿಯ ಗೀರು ಚೂಪಾಗಿ ಕಾಣಬೇಕು. ಎಲ್ಲ ಅಂಚುಗಳೂ ಸಾಬೂನು ಸವೆದ ಹಾಗೆ ನುಣ್ಣಗಿದ್ದರೆ ಅದು ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್. ಇಟಲಿಯ ನೇಪಲ್ಸ್ ಹತ್ತಿರದ ಟೊರೆ ಡೆಲ್ ಗ್ರೆಕೊ ಎಂಬ ಊರು ಈ ಚಿಪ್ಪಿನ ಕೆತ್ತನೆಗೆ ಹೆಸರುವಾಸಿ, ಇಂದೂ ಅಲ್ಲಿ ಕೆತ್ತುವವರಿದ್ದಾರೆ. ಚಿಪ್ಪಿಗೆ ಒಣ ಹವೆ ಆಗದು, ಸೀಳುತ್ತದೆ. ನಮ್ಮ ಮಳೆಗಾಲದಿಂದ ಉಪಕಾರವಾಗುವ ಬ್ರೋಚು ಇದೊಂದೇ ಇರಬೇಕು.

ಅದರ ಮುರಿದ ಸೂಜಿಯ ವಿಷಯಕ್ಕೆ ಬಂದರೆ ನನ್ನದೇ ಒಂದು ತಪ್ಪು ಹೇಳಬೇಕು. ನನ್ನ ತಂದೆ ಚಿನ್ನದ ಕೆಲಸದವರು. ಅವರ ಊದುಗೊಳವೆಯಲ್ಲೇ ನಾನು ಬೆಸುಗೆ ಕಲಿತದ್ದು. ಹತ್ತೊಂಬತ್ತರ ವಯಸ್ಸಿನಲ್ಲಿ, ಎಲ್ಲ ಬರುತ್ತದೆ ಎಂಬ ಧಿಮಾಕಿನಲ್ಲಿ, ಪರಿಚಯದ ಟೀಚರೊಬ್ಬರ ಹಕ್ಕಿ ಬ್ರೋಚಿಗೆ ಕೊಕ್ಕೆ ಕೂರಿಸಲು ಹೊರಟೆ. ಬೆಳ್ಳಿಯ ಹಾಗೆಯೇ ಕಾಣುತ್ತಿತ್ತು. ಜ್ವಾಲೆ ತಾಗಿಸಿ ಮೂರು ಎಣಿಸುವುದರೊಳಗೆ ಹಕ್ಕಿಯ ಬಾಲ ಬೆವರಿತು, ಹೊಳೆಯಿತು, ಗುಂಡಗಿನ ಹನಿಯಾಗಿ ಇದ್ದಲಿನ ಮೇಲೆ ಉರುಳಿತು. ಅದು ತವರ ಬೆರೆತ ಬಿಳಿಲೋಹ, 300 ಡಿಗ್ರಿ ಮುಟ್ಟುವ ಮೊದಲೇ ಕರಗುವಂಥದ್ದು. ಬೆಳ್ಳಿಯ ಬೆಸುಗೆ ಹರಿಯಬೇಕಾದರೆ 600 ದಾಟಬೇಕು. ತಂದೆ ಬೈಯಲಿಲ್ಲ. ಆ ಹನಿಯನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, 'ಟೀಚರಿಗೆ ನೀನೇ ಕೊಟ್ಟು ಬಾ' ಎಂದರು. ಇಂದಿಗೂ ಬ್ರೋಚಿಗೆ ಬೆಂಕಿ ತಾಗಿಸುವ ಮೊದಲು ಆ ಪೊಟ್ಟಣ ಕಣ್ಣೆದುರು ಬರುತ್ತದೆ. ನೀವು ಯಾವ ಆಚಾರ್ರ ಹತ್ತಿರ ಕೊಂಡುಹೋದರೂ 'ಯಾವ ಲೋಹ ಎಂದು ನೋಡಿಯೇ ಬೆಂಕಿ ಹಿಡಿಯಿರಿ, ಚಿಪ್ಪನ್ನು ಚೌಕಟ್ಟಿನಿಂದ ಬಿಡಿಸಿದ ಮೇಲೆಯೇ ಬೆಸುಗೆ' ಎಂದು ಹೇಳಿ. ಕೀಲು ಗಟ್ಟಿಯಿದ್ದು ಸೂಜಿ ಮಾತ್ರ ಮುರಿದಿದ್ದರೆ ಬೆಂಕಿಯೇ ಬೇಡ. ಕೀಲಿನ ಸಣ್ಣ ಮೊಳೆ ತೆಗೆದು ಹೊಸ ಸೂಜಿ ಪೋಣಿಸಿದರಾಯಿತು, ಹತ್ತು ನಿಮಿಷದ ಕೆಲಸ.

ಸೀರೆಯ ಪ್ರಶ್ನೆಗೆ ಈಗ ಉತ್ತರಿಸಬಹುದು. ಭುಜದ ಮೇಲೆ ಬ್ರೋಚು ಚುಚ್ಚುವುದು ನಮಗೆ ಹೊಸತಲ್ಲ. ಟಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ, ರವಿಕೆಯೊಂದಿಗೆ ಎಡಭುಜಕ್ಕೆ ಸೆರಗು ತರುವ ಉಡಿಗೆಯನ್ನು ಬಂಗಾಳಕ್ಕೆ ಒಯ್ದರು. ಆ ಉಡಿಗೆಯ ಜೊತೆಗೇ ಸೆರಗಿಗೆ ಬ್ರೋಚೂ ಬಂತು. ನಮ್ಮ ನೆರೆಯ ಕೊಡಗಿನಲ್ಲಂತೂ ನೆರಿಗೆ ಹಿಂದೆ ಹೋಗಿ ಸೆರಗು ಬಲಭುಜದ ಮೇಲೆ ಬಂದು ನಿಲ್ಲುವುದೇ ಒಂದು ಪಿನ್ನಿನ ಬಲದಲ್ಲಿ. ನಿಮ್ಮ ಅಜ್ಜಿಗೆ ಅದು ಅಲಂಕಾರಕ್ಕಿಂತ ಹೆಚ್ಚಾಗಿ ಕೆಲಸದ ವಸ್ತು ಆಗಿದ್ದಿರಬೇಕು. ಕೈ ಎತ್ತಿ ಕರಿಹಲಗೆಯಲ್ಲಿ ಬರೆಯುವವರಿಗೆ ಸೆರಗು ಜಾರಬಾರದಲ್ಲ.

ಅವರು ಉಟ್ಟದ್ದು ಬಹುಶಃ ಕಾಸರಗೋಡು ಸೀರೆಯಂಥ ಗಟ್ಟಿ ನೇಯ್ಗೆಯ ಹತ್ತಿ. ಅದರಲ್ಲಿ ಸೂಜಿಯ ತೂತು ಒಂದು ಸಲ ಒಗೆದರೆ ಮುಚ್ಚಿಕೊಳ್ಳುತ್ತದೆ. ರೇಷ್ಮೆ ಹಾಗಲ್ಲ. ಹಳೆಯ ಬ್ರೋಚಿನ ಸೂಜಿ ದಪ್ಪ. ಅದು ಎಳೆಗಳ ನಡುವೆ ಹೋಗುವ ಬದಲು ಎಳೆಯನ್ನೇ ಕಡಿಯುತ್ತದೆ. ಮೊದಲು ಸೂಜಿಯ ಮೊನೆಯನ್ನು ನಿಮ್ಮ ಹಳೆಯ ನೈಲಾನ್ ದುಪಟ್ಟಾದ ಮೇಲೆ ಎಳೆದು ನೋಡಿ. ಸಿಕ್ಕಿಕೊಂಡರೆ ಮೊನೆಯಲ್ಲಿ ತುಕ್ಕಿದೆ ಅಥವಾ ಅದು ಬಾಗಿದೆ. ಅತಿ ನುಣ್ಣಗಿನ ಉಪ್ಪುಕಾಗದದಲ್ಲಿ ಮೊನೆಯ ಕಡೆಗೆ ನಾಲ್ಕು ಸಲ ಎಳೆದರೆ ಸರಿಯಾಗುತ್ತದೆ. ಆಮೇಲೆ ಎರಡು ರೂಪಾಯಿ ನಾಣ್ಯದಷ್ಟಗಲದ ದಪ್ಪ ಬಟ್ಟೆಯ ಎರಡು ತುಂಡು ಕತ್ತರಿಸಿ. ಒಂದು ರವಿಕೆಯ ಒಳಗೆ, ಇನ್ನೊಂದು ಸೆರಗಿನ ನೆರಿಗೆಗಳ ಅಡಿಗೆ. ಭಾರ ಬೀಳುವುದು ಆ ತುಂಡುಗಳ ಮೇಲೆ, ರೇಷ್ಮೆಯ ಮೇಲಲ್ಲ. ನೆರಿಗೆಗಳೆಲ್ಲವನ್ನೂ ಚುಚ್ಚಬೇಡಿ, ಮೇಲಿನ ಒಂದು ಪದರ ಬಿಟ್ಟು ಅಡಿಯವನ್ನು ಹಿಡಿಯಿರಿ. ಜರಿಯ ಅಂಚಿಗೆ ಸೂಜಿ ತಾಗಲೇಬಾರದು, ಕಡಿದ ಜರಿ ಮತ್ತೆ ಕೂಡುವುದಿಲ್ಲ. ತೆಗೆಯುವಾಗ ಬಟ್ಟೆಯನ್ನು ಎಳೆಯಬೇಡಿ, ಬಟ್ಟೆ ಹಿಡಿದು ಸೂಜಿಯನ್ನು ಹಿಂದಕ್ಕೆ ತನ್ನಿ. ಬಸ್ಸಿನಿಂದ ಇಳಿಯುವ ಗಡಿಬಿಡಿಯಲ್ಲಿ ಆಗುವ ಹರಕೇ ಹೆಚ್ಚು.

ಡಿಸೆಂಬರಿನ ಮದುವೆಗೆ ರೂಪಾಯಿ ಬೇಡ ಎನ್ನುತ್ತೇನೆ. ಒಂದು ತೊಲ ಭಾರದ ಜೊತೆ ಸೂಜಿಯೂ ಸೇರಿ ತೆಳ್ಳಗಿನ ರೇಷ್ಮೆಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಎಲೆ ಬ್ರೋಚು ಹಾಕಿಕೊಳ್ಳಿ. ಅದನ್ನು ಭುಜದ ತುದಿಯಲ್ಲಲ್ಲ, ಎರಡು ಬೆರಳು ಕೆಳಗೆ, ಎಲುಬಿನ ಕೆಳಗಿನ ಸಮತಟ್ಟಿನಲ್ಲಿ ಇಟ್ಟರೆ ನೇರ ನಿಲ್ಲುತ್ತದೆ. ಕೊಕ್ಕೆ ಸಿ ಆಗಿದ್ದರೆ ಜೊತೆಗೆ ಪುಟ್ಟ ಸೇಫ್ಟಿ ಪಿನ್ನಿಗೆ ಕಟ್ಟಿದ ಸಣ್ಣ ಸರಪಳಿ ಹಾಕಿಸಿ. ಹಳಬರೂ ಹೀಗೆ ಹಾಕಿಸುತ್ತಿದ್ದರು, ಬ್ರೋಚು ಜಾರಿದರೂ ಸರಪಳಿಯಲ್ಲಿ ನೇತಾಡುತ್ತದೆ. ಸೆಂಟು, ಹೇರ್ ಸ್ಪ್ರೇ, ಪೌಡರು ಎಲ್ಲ ಮುಗಿದ ಮೇಲೆಯೇ ಬ್ರೋಚು. ರೂಪಾಯಿಯನ್ನು ನಿಮ್ಮ ಅಳಿಯನ ಕೋಟಿನ ಕಾಲರಿಗೆ ಕೊಡಿ, ಅಲ್ಲಿ ಅದಕ್ಕೆ ಗೌರವ.

ಕೂಡಿಸುವ ಆಸೆ ಒಳ್ಳೆಯದೇ. ಹಣ ಹೆಚ್ಚು ಬೇಡ, ತಾಳ್ಮೆ ಬೇಕು. ಹಳೆಯ ಮನೆ ಬಿಚ್ಚುವಲ್ಲಿ, ಗುಜರಿ ಅಂಗಡಿಯಲ್ಲಿ, ಮುಂಬಯಿಯಲ್ಲೋ ಗಲ್ಫಿನಲ್ಲೋ ದುಡಿದು ಬಂದವರ ಟ್ರಂಕಿನಲ್ಲಿ ಸಿಗುತ್ತವೆ. ಎಲ್ಲ ಬಗೆಯದನ್ನೂ ಕೂಡಿಸಲು ಹೋಗಬೇಡಿ. ನಿಮ್ಮ ಕೈಗೆ ರೂಪಾಯಿ ಬಂದಿದೆ, ನಾಣ್ಯದ ಬ್ರೋಚುಗಳಿಂದಲೇ ಶುರು ಮಾಡಿ. ಒಮ್ಮೊಮ್ಮೆ ಹಿಂಬದಿಯಲ್ಲಿ ಗಾಜಿನ ಕಿಟಕಿಯಿರುವ ಬ್ರೋಚು ಸಿಕ್ಕೀತು, ಒಳಗೆ ಹೆಣೆದ ಕೂದಲು. ಅದು ಇಂಗ್ಲೆಂಡಿನಲ್ಲಿ ತೀರಿಕೊಂಡವರ ನೆನಪಿಗೆ ಇಟ್ಟುಕೊಳ್ಳುತ್ತಿದ್ದದ್ದು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ಕೊನೆಯತನಕ ಕಪ್ಪು ಬಿಡಲಿಲ್ಲ, ಶೋಕದ ಒಡವೆಗಳಿಗೆ ಆಗ ಬಂದ ಬೇಡಿಕೆ ಅಷ್ಟಿಷ್ಟಲ್ಲ. ಮೈಲಿಗೆಯೆಂದು ಕೂದಲು ತೆಗೆದು ಬಿಸಾಡಿದ ಒಬ್ಬರನ್ನು ನಾನು ಬಲ್ಲೆ. ಮನೆಯಲ್ಲಿ ಇಡಲು ಮನಸ್ಸಿಲ್ಲವೆಂದರೆ ಕೊಳ್ಳಬೇಡಿ, ಕೊಂಡ ಮೇಲೆ ಬಿಚ್ಚಬೇಡಿ.

ಇಡುವಾಗ ಒಂದೊಂದನ್ನೂ ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಕಿಲುಬು ಹಿಡಿದದ್ದು ಉಳಿದವಕ್ಕೆ ತಾಗಬಾರದು. ಬೆಳ್ಳಿಯ ಜೊತೆ ತೇವ ಹೀರಲು ಒಂದು ತುಂಡು ಸೀಮೆಸುಣ್ಣ ಇಡಿ. ರಬ್ಬರ್ ಬ್ಯಾಂಡು ಮಾತ್ರ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಚಿಪ್ಪಿನದನ್ನು ಸೀಮೆಸುಣ್ಣದ ಡಬ್ಬಿಯಿಂದ ದೂರವಿಡಿ. ಪ್ರತಿಯೊಂದರ ಜೊತೆ ಒಂದು ಚೀಟಿ ಇರಲಿ: ಅಜ್ಜಿಯ ಹೆಸರು, ಶಾಲೆ, ಡಬ್ಬಿ ಸಿಕ್ಕಿದ ದಿನ. ಅಜ್ಜಿ ಬ್ರೋಚು ಹಾಕಿದ ಹಳೆಯ ಗ್ರೂಪ್ ಫೋಟೊ ಏನಾದರೂ ಶಾಲೆಯ ಗೋಡೆಯಲ್ಲಿ ಉಳಿದಿದೆಯೇ ಎಂದೂ ಒಮ್ಮೆ ಹೋಗಿ ನೋಡಿ. ಎಲೆಯನ್ನು ಯಾವ ಇಸವಿಗೆ ಕೂರಿಸಬೇಕೆಂದು ಕೊಕ್ಕೆಗಿಂತ ಚೆನ್ನಾಗಿ ಅದು ಹೇಳೀತು.

ಬೆನ್ನಿನ ಫೋಟೊ ತೆಗೆದು ಕಳುಹಿಸಿ. ಪಕ್ಕದಲ್ಲಿ ಅಳತೆಗೆ ಈಗಿನ ಒಂದು ರೂಪಾಯಿ ಇಡಲು ಮರೆಯಬೇಡಿ.